ಇಸ್ತ್ರಿ ಪೆಟ್ಟಿಗೆಯ ಹಿಡಿ

ನಮ್ಮ ಕುಕ್ಕರಿನ ಹಿಡಿ ಯುಗಾದಿಗೇ ಮುರಿದಿದೆ. ಅರಿವೆ ಸುತ್ತಿ ಇಳಿಸಿ ಇಳಿಸಿ ನನ್ನ ಕೈಯಲ್ಲಿ ಬೊಬ್ಬೆ ಎದ್ದಿವೆ. ಕೇಳಿದರೆ ನಮ್ಮ ಮನೆಯವರು, ಅಂದರೆ ಕಲ್ಲೇಶ, "ನಾಳೆ ಮಾಡ್ತೇನಿ" ಅನ್ನುತ್ತಾರೆ. ಕುಮಾರಪಟ್ಟಣದ ಫ್ಯಾಕ್ಟರಿಯಿಂದ ಬಂದವರೇ ರಾಣೆಬೆನ್ನೂರಿನ ಈ ಓಣಿಯನ್ನೆಲ್ಲ ರಿಪೇರಿ ಮಾಡಲು ಹೊರಡುವವರಿಗೆ ಹೆಂಡತಿಯ ಕುಕ್ಕರ್ ಎಲ್ಲಿ ಕಾಣಬೇಕು?

ಈಗಿನ ಹುಚ್ಚು ಸಿಲಿಕೋನ್. ಆನ್‌ಲೈನಿನಲ್ಲಿ ತರಿಸಿದ್ದು. ಪಾಕೀಟು ಒಡೆದಾಗ ರೊಟ್ಟಿಯ ಹಿಟ್ಟಿನಂತೆ ಮೆತ್ತಗಿರುತ್ತದೆ, ಒತ್ತಿದ ಆಕಾರಕ್ಕೆ ಬರುತ್ತದೆ, ಮರುದಿನಕ್ಕೆ ಗಟ್ಟಿ ರಬ್ಬರು. ಬಿಸಿಗೂ ಜಗ್ಗುವುದಿಲ್ಲ. ಯಾರದೋ ನಲ್ಲಿ, ಯಾರದೋ ಚಾರ್ಜರ್ ವೈರು, ಇನ್ಯಾರದೋ ಚಪ್ಪಲಿ, ಎಲ್ಲ ಸರಿಹೋದವು. ಕೊನೆಯ ಪಾಕೀಟನ್ನು ನನ್ನ ಕುಕ್ಕರಿಗೆಂದು ನಾನೇ ಎತ್ತಿಟ್ಟಿದ್ದೆ. ಅದೂ ಪಕ್ಕದ ಮನೆಯ ಟೇಲರ್ ಜ್ಯೋತಿಲಕ್ಷ್ಮಿಯ ಇಸ್ತ್ರಿ ಪೆಟ್ಟಿಗೆಗೆ ಹೋಯಿತು.

ಅವಳ ಕಟ್ಟೆಯ ಮೇಲೆ ಕೂತು ಇವರು ಬಿರುಕುಬಿಟ್ಟ ಹಿಡಿಗೆ ಸಿಲಿಕೋನ್ ಮೆತ್ತಿದರು.

"ಗಟ್ಟಿ ಹಿಡೀರಿ. ನಿಮ್ಮ ಬೆರಳು ಮೂಡಬೇಕು, ಅಂದ್ರ ಕೈ ನೋಯಂಗಿಲ್ಲ."

ಎಷ್ಟು ಮೆತ್ತನೆಯ ದನಿ ಅಂತೀರಿ.

"ಸಾಕೇನ್ರಿ ಅಣ್ಣಾರ?" ಅಂದಳು ಅವಳು.

ಅಣ್ಣ ಅಂದರೇನಾಯಿತು, ನನಗೆ ಹೊಟ್ಟೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಅರೆದಂತಾಯಿತು. ಮದುವೆಯಾದಾಗಿನಿಂದ ನನ್ನ ಕೈ ನೋಯುತ್ತದೋ ಇಲ್ಲವೋ ಎಂದು ಈ ಮನುಷ್ಯ ಕೇಳಿದ್ದಿಲ್ಲ.

"ನಾಳಿ ತನಕ ಮುಟ್ಟಬ್ಯಾಡ್ರಿ" ಎಂದು ಪೆಟ್ಟಿಗೆಯನ್ನು ಅವಳ ಕಿಟಕಿಯಲ್ಲಿಟ್ಟು ಬಂದರು.

ಸಂಜೆ ಹೆಪ್ಪು ಕೇಳುವ ನೆಪದಲ್ಲಿ ನಾನು ಹೋದೆ. ಅವಳು ಅಡುಗೆಮನೆಗೆ ಹೋದಳು. ಹಿಡಿಯ ಮೇಲೆ ಅವಳ ನಾಲ್ಕು ಬೆರಳಿನ ಗುರುತು ಚಂದವಾಗಿ ಕೂತಿತ್ತು. ಅದರ ಮೇಲೆ ನನ್ನ ಕೈಯಿಟ್ಟು ಹಿಂಡಿದೆ. ಕಿರುಬೆರಳು ಮಾತ್ರ ಎಂದಿನಂತೆ ಮಡಚದೆ ಹೊರಗೇ ನಿಂತಿತು. ಸಣ್ಣವಳಿದ್ದಾಗ ಮೇಡ್ಲೇರಿಯಲ್ಲಿ ಚಕ್ಕಡಿಯ ಗಾಲಿಗೆ ಸಿಕ್ಕು ಸೆಟೆದುಹೋದ ಬೆರಳದು. ಹೆಪ್ಪು ಇಸಿದುಕೊಂಡು ಸಮಾಧಾನದಿಂದ ಮನೆಗೆ ಬಂದೆ.

ಮರುದಿನ ಜ್ಯೋತಿಲಕ್ಷ್ಮಿ ಪೆಟ್ಟಿಗೆ ಹಿಡಿದುಕೊಂಡೇ ಬಂದಳು. "ಅಣ್ಣಾರ, ಇದು ನನ್ನ ಕೈಗೆ ಕೂಡವಲ್ದು. ಯಾರೋ ಒತ್ಯಾರ ನೋಡ್ರಿ."

"ಬೆಕ್ಕು ಹಾರಿರಬೇಕು" ಅಂದೆ ನಾನು.

ಇವರು ಹಿಡಿಯನ್ನು ತಿರುಗಿಸಿ ನೋಡಿದರು. ಮೂರು ಗುರುತು ಆಳಕ್ಕಿಳಿದಿದ್ದವು, ನಾಲ್ಕನೆಯದು ಮಾತ್ರ ಮೊದಲಿನಂತೆಯೇ ಇತ್ತು. ಅಲ್ಲಿ ಅವರ ಬೆರಳು ನಿಂತಿತು.

"ಬೆಕ್ಕಲ್ಲ. ಇದು ನಮ್ಮ ಮಹೇಶ್ವರಿ ಕೈ" ಎಂದರು. "ಅಕಿ ಕಿರುಬೆರಳು ಮಡಚಂಗಿಲ್ಲ. ಕೊಡ ಎತ್ತಿದ್ರ ಭಾರ ಎಲ್ಲಾ ಉಳದ ಬೆರಳಿಗೆ ಬೀಳ್ತೈತಿ. ಥಂಡಿ ದಿನದಾಗಂತೂ ಬಾಳ ನೋಯ್ತೈತಿ."

ಜ್ಯೋತಿಲಕ್ಷ್ಮಿ ನನ್ನನ್ನೇ ನೋಡಿದಳು. ನಾಚಿಕೆಯಿಂದ ನನ್ನ ಮುಖ ಕಾದುಹೋಯಿತು. ಆದರೆ ಥಂಡಿಯ ಆ ನೋವಿನ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಇವರು ನೋಡಿಯೇ ತಿಳಿದಿದ್ದರು. ಒಂದು ಗಳಿಗೆ ಜೀವ ಹೂವಾಯಿತು.

ಮರುಗಳಿಗೆಗೆ ಕುಕ್ಕರ್ ನೆನಪಾಯಿತು.

"ಗೊತ್ತಿತ್ತೇನ್ರಿ ನಿಮಗ?"

"ಗೊತ್ತಿಲ್ದ ಏನ?"

"ಗೊತ್ತಿದ್ದೂ ಯುಗಾದಿಯಿಂದ ಸುಮ್ಮನಿದ್ರೇನು?"

ಇವರು ಇಸ್ತ್ರಿ ಪೆಟ್ಟಿಗೆಯನ್ನು ಕೈಯಿಂದ ಕೈಗೆ ಬದಲಿಸಿದರು. ಜ್ಯೋತಿಲಕ್ಷ್ಮಿ ಈಗ ನನ್ನನ್ನು ಬಿಟ್ಟು ಅವರನ್ನು ನೋಡುತ್ತಿದ್ದಳು.