ಗೇಣೆತ್ತರದ ಟ್ಯೂಬ್‌ಲೈಟು

ಟ್ಯೂಬ್‌ಲೈಟು ಮತ್ತೆ ಮೇಲಕ್ಕೆ ಹೋಗಿತ್ತು.

ಗಂಗಾಮಣಿ ಮನೆಯ ಸ್ಟೋರುಕೋಣೆಯ ಬಾಗಿಲಲ್ಲೇ ನಿಂತು ಹಲ್ಲು ಕಚ್ಚಿದಳು. ಬೆಳಿಗ್ಗೆ ಕೊಟ್ಟಿಗೆ ಕೆಲಸಕ್ಕೆ ಹೋಗುವ ಮುಂಚೆ ತಾನೇ ಕೈಯಿಟ್ಟು ಅಳೆದು, ಸಸಿಗಳ ತಲೆಯಿಂದ ಸರಿಯಾಗಿ ಒಂದು ಗೇಣು ಮೇಲಕ್ಕೆ ಹಗ್ಗ ಬಿಗಿದು ಹೋಗಿದ್ದಳು. ಈಗ ನೋಡಿದರೆ ಅದು ತೊಲೆಗೆ ಅಂಟಿಕೊಂಡು ಖಾಲಿ ಕಾಫಿ ಚೀಲಗಳಿಗೆ, ಮೂಲೆಯ ಜೇಡರ ಬಲೆಗೆ ಧಾರಾಳವಾಗಿ ಬೆಳಕು ಕೊಡುತ್ತಿತ್ತು. ಯಾರಿಗೆ ಬೇಕಿತ್ತೋ ಅವರಿಗೆ ಮಾತ್ರ ಇಲ್ಲ. ಟೊಮೆಟೊ ಪೆಟ್ಟಿಗೆಯಲ್ಲಿ ಮೆಣಸಿನಕಾಯಿ ಸಸಿಗಳು ದಾರದ ಎಳೆಯಷ್ಟು ಸಣ್ಣಗೆ, ಬಿಳಿಚಿಕೊಂಡು, ಉದ್ದುದ್ದ ಬೆಳೆದು ಒಂದರ ಮೇಲೊಂದು ಒರಗಿದ್ದವು. ನಿನ್ನೆ ಸಂಜೆ ನೆಟ್ಟಗಿದ್ದ ಕೆಲವು ಇವತ್ತು ಮಣ್ಣಿಗೆ ಮಲಗಿಬಿಟ್ಟಿದ್ದವು.

ಊಟಕ್ಕೆಂದು ಬಂದ ಗಂಡ ಶಾಂತಮಲ್ಲಪ್ಪ ಜಗಲಿಯಲ್ಲಿ ಛತ್ರಿಯ ನೀರು ಕೊಡವುತ್ತಿದ್ದ. ಪಕ್ಕದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಅವನದು.

“ರೀ, ನಿಮ್ ಕೈ ಸುಮ್ನಿರಲ್ವಾ? ಮತ್ತೆ ಎತ್ತಿ ಕಟ್ಟಿದ್ದೀರಲ್ಲ ಲೈಟ್ನ.”

“ನಾನು ಮುಟ್ಟಿಲ್ಲ ಕಣೇ.”

“ನೀವಲ್ದಿದ್ರೆ ಇನ್ಯಾರು? ಹೆಗ್ಗಣ ಬಂದು ಗಂಟು ಬಿಚ್ಚಿ ಕಟ್ಟೋಯ್ತಾ?”

“ಮೊದಲ್ನೇ ದಿನ ಎತ್ತಿದ್ದು ನಾನೇ, ಒಪ್ಕೊತೀನಿ. ಸುಟ್ಟೋಯ್ತವೆ ಅಂತ ಎತ್ತಿದ್ದೆ. ನೀನು ಬೈದ್ಮೇಲೆ ಆ ಕಡೆ ತಲೆ ಹಾಕಿಲ್ಲ ಮಾರಾಯ್ತಿ.”

ಗಂಗಾಮಣಿ ನಂಬಲಿಲ್ಲ. ಒಂದು ಸಲ ಎತ್ತಿದವನು ಹತ್ತು ಸಲ ಎತ್ತುತ್ತಾನೆ ಎಂಬುದು ಅವಳ ತೀರ್ಮಾನ. ಕಾಫಿ ಜನರೇ ಹೀಗೆ. ಹುಟ್ಟಿದಾಗಿನಿಂದ ನೆರಳು, ನೆರಳು ಎಂದು ಜಪ ಮಾಡಿ ಬೆಳೆದವರು. ಬೆಳಕು ಕಂಡರೆ ಎಲ್ಲಿ ಏನು ಬಾಡಿಹೋಗುತ್ತದೋ ಎಂದು ಇವರ ಜೀವ ಹೊಡೆದುಕೊಳ್ಳುತ್ತದೆ. ಅವಳು ಬಂದಿದ್ದು ಆಲೂರು ಸೀಮೆಯ ಕೆ. ಹೊಸಕೋಟೆಯಿಂದ. ಅಲ್ಲಿ ಗಿಡಕ್ಕೆ ಬಿಸಿಲು ಬೇಕೆಂದು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಮೆಣಸಿನಕಾಯಿಯೂ ಆ ಊರಿನದೇ. ಗಿಡ್ಡಗೆ, ದಪ್ಪಗೆ, ಒಣಗಿದರೆ ಕಪ್ಪಿಗೆ ತಿರುಗುವಷ್ಟು ಕೆಂಪು. ಖಾರ ಹೆಚ್ಚಿಲ್ಲ, ಬಣ್ಣ ಮಾತ್ರ ಹೇಗೆಂದರೆ, ಒಂದೇ ಕಾಯಿಗೆ ಒಂದು ಪಾತ್ರೆ ಸಾರು ಕೆಂಪೇರುತ್ತಿತ್ತು. ಅವಳ ಅವ್ವ ವರ್ಷ ವರ್ಷವೂ ಒಳ್ಳೆಯ ಕಾಯಿಗಳನ್ನು ಆರಿಸಿ, ಬೀಜಕ್ಕೆಂದು ಒಲೆಯ ಮೇಲೆ ಕಟ್ಟಿಡುತ್ತಿದ್ದಳು. ಅವ್ವ ಹೋದ ಮೇಲೆ ಅಣ್ಣ ಇದ್ದಬದ್ದ ಜಮೀನಿಗೆಲ್ಲ ಶುಂಠಿ ಹಾಕಿದ. ಅತ್ತಿಗೆ ರಾಮಮ್ಮ ಒಲೆಯ ಮೇಲಿದ್ದ ಬೀಜದ ಕಾಯಿಗಳನ್ನೂ ಬಿಡದೆ ಇಳಿಸಿ ಖಾರದ ಪುಡಿ ಮಾಡಿಸಿಬಿಟ್ಟಳು. ಅವ್ವನ ವರ್ಷದ ಕಾರ್ಯಕ್ಕೆ ಹೋದಾಗ ಗಂಗಾಮಣಿಗೆ ಇದು ಗೊತ್ತಾಯಿತು.

“ಅಂಗಡೀಲಿ ಮೆಣಸಿನಕಾಯಿ ಸಿಗಲ್ವಾ ಗಂಗಾ?” ಎಂದು ರಾಮಮ್ಮ ಕೇಳಿದ್ದು ಇವಳ ಎದೆಗೆ ನಾಟಿತ್ತು.

“ನಿಮ್ಮಂಗಳಕ್ಕೆ ಬಂದು ಯಾವತ್ತೂ ಕೇಳಲ್ಲ. ನಮ್ಮನೇಲೇ ಬೆಳೆದು ತೋರಿಸ್ತೀನಿ,” ಎಂದು ನೆಂಟರಿಷ್ಟರ ಎದುರಿಗೇ ಹೇಳಿ, ಎಲೆಯ ಮೇಲಿನ ಪಾಯಸ ಬಿಟ್ಟು ಎದ್ದು ಬಂದಿದ್ದಳು.

ಹೇಳುವುದು ಸುಲಭವಿತ್ತು. ಗಂಡನ ಊರಾದ ಹೊಂಗಡಹಳ್ಳದ ಮಳೆಯಲ್ಲಿ ಮೆಣಸಿನ ಸಸಿ ಎಬ್ಬಿಸುವುದು ಸುಲಭವಿರಲಿಲ್ಲ. ಯಾವ ಕಾಲದಲ್ಲೋ ಅವ್ವ ಕೊಟ್ಟಿದ್ದ ಒಂದು ಹಿಡಿ ಕಾಯಿ ಅವಳ ಡಬ್ಬಿಯಲ್ಲಿತ್ತು. ಹೋದ ವರ್ಷ ಮಳೆ ನಿಂತ ಮೇಲೆ ಅಂಗಳದಲ್ಲಿ ಪಾತಿ ಮಾಡಿ ಅರ್ಧ ಬೀಜ ಹಾಕಿದಳು. ಹಳೆಯ ಬೀಜ, ಹುಟ್ಟಿದ್ದು ಕಡಿಮೆ. ಹುಟ್ಟಿದ ಗಿಡಗಳು ಹೂ ಬಿಡುವ ಹೊತ್ತಿಗೆ ಬೇಸಿಗೆ ಬಂದು, ಎಲೆ ಮುರುಟಿ, ಒಂದೂ ಕಾಯಿ ಹಿಡಿಯದೆ ಹೋದವು. ಅದಕ್ಕೇ ಈ ವರ್ಷ ಮಳೆಗಾಲದಲ್ಲೇ ಮನೆಯೊಳಗೆ ಸಸಿ ಮಾಡಿ, ಮಳೆ ಬಿಟ್ಟ ತಕ್ಷಣ ನೆಡಬೇಕೆಂದು ಹಟ ಹಿಡಿದಿದ್ದಳು. ಉಳಿದ ಬೀಜವನ್ನೆಲ್ಲ ಬಿತ್ತಿಯಾಗಿತ್ತು. ಡಬ್ಬಿ ಖಾಲಿ. ಈ ಪೆಟ್ಟಿಗೆಯಲ್ಲಿರುವುದು ಸತ್ತರೆ ಅವ್ವನ ಮೆಣಸಿನಕಾಯಿ ಇನ್ನೆಲ್ಲೂ ಇಲ್ಲ.

ಬಚ್ಚಲೊಲೆಯ ಪಕ್ಕ ಬೆಚ್ಚಗಿಟ್ಟಾಗ ಬೀಜವೇನೋ ಮೊಳೆಯಿತು. ತೊಂದರೆ ಶುರುವಾಗಿದ್ದು ಬೆಳಕಿನದು. ಮಧ್ಯಾಹ್ನವೂ ದೀಪ ಹಚ್ಚಿ ಅಕ್ಕಿ ಆರಿಸಬೇಕಾದ ಊರಿನಲ್ಲಿ ಸಸಿಗೆ ಎಲ್ಲಿಂದ ಬೆಳಕು ತರುವುದು? ಸಕಲೇಶಪುರದ ಎಲೆಕ್ಟ್ರಿಕ್ ಅಂಗಡಿಗೆ ಹೋದಳು.

“ಯಾವ ರೂಮಿಗಮ್ಮಾ ಬಲ್ಬು?” ಎಂದ ಅಂಗಡಿಯವನು.

“ರೂಮಿಗಲ್ಲ. ಮೆಣಸಿನ ಸಸಿಗೆ.”

ಅವನು ಪಕ್ಕದಲ್ಲಿದ್ದ ಗಿರಾಕಿಯ ಮುಖ ನೋಡಿದ. ಆ ಗಿರಾಕಿ ಇವಳ ಮುಖ ನೋಡಿದ. “ಕೋಳಿಮರಿಗೆ ನೂರು ಕ್ಯಾಂಡಲ್ ಬಲ್ಬು ಹಾಕ್ತಾರೆ. ಸಸಿಗೂ ಅದೇ ಆಯ್ತದೆ ಬಿಡಿ,” ಎಂದು ಕಾಗದದಲ್ಲಿ ಸುತ್ತಿ ಕೊಟ್ಟ.

ಆಗಲಿಲ್ಲ. ನೂರು ಕ್ಯಾಂಡಲ್ ಬಲ್ಬಿನ ಕಾವಿಗೆ ಹತ್ತಿರವಿದ್ದ ಸಸಿಗಳ ಎಲೆ ಒಂದೇ ದಿನದಲ್ಲಿ ಹಪ್ಪಳವಾಯಿತು. ಮೇಲಕ್ಕೆ ಕಟ್ಟಿದರೆ ಕಾವೂ ಇಲ್ಲ, ಬೆಳಕೂ ಇಲ್ಲ, ಬರಿಯ ಹಳದಿ ಮಂಕು. ಮತ್ತೆ ಅಂಗಡಿಗೆ ಹೋದಾಗ ಅವನು ಹೊಸದಾಗಿ ಬಂದಿದೆ ಎಂದು ಸಿಎಫ್‌ಎಲ್ ಬಲ್ಬು ತೋರಿಸಿದ. ಬೆಲೆ ಕೇಳಿ ಗಂಗಾಮಣಿ ಅದನ್ನು ಮೊಟ್ಟೆಯೇನೋ ಎಂಬ ಹಾಗೆ ಮೆಲ್ಲಗೆ ಗಾಜಿನ ಮೇಲೆ ವಾಪಸ್ಸಿಟ್ಟಳು. ಗ್ಯಾರಂಟಿ ಇದೆಯಂತೆ. ವೋಲ್ಟೇಜ್ ಏರುಪೇರಾದರೆ ಗ್ಯಾರಂಟಿ ಇಲ್ಲವಂತೆ. ಹೊಂಗಡಹಳ್ಳದಲ್ಲಿ ವೋಲ್ಟೇಜ್ ಏರುಪೇರಾಗದ ದಿನ ಯಾವುದೆಂದು ಅವನನ್ನೇ ಕೇಳಬೇಕೆನಿಸಿತು.

ಕೊನೆಗೆ ಒದಗಿದ್ದು ಅಟ್ಟದ ಮೇಲಿದ್ದ ಹಳೇ ಟ್ಯೂಬ್‌ಲೈಟು. ಎಸ್ಟೇಟ್ ಬಂಗಲೆಯ ವೈರಿಂಗ್ ಬದಲಿಸಿದಾಗ ಶಾಂತಮಲ್ಲಪ್ಪ ಅದನ್ನು ಕೂರಿಸುವ ಪಟ್ಟಿಯ ಸಮೇತ ತಂದಿಟ್ಟಿದ್ದು. ಎರಡೂ ತುದಿ ಕಪ್ಪಾಗಿತ್ತು, ಸ್ಟಾರ್ಟರ್ ಹೋಗಿತ್ತು. ಹೊಸ ಸ್ಟಾರ್ಟರ್ ಹಾಕಿದ ಮೇಲೆ ಒಂದಷ್ಟು ಹೊತ್ತು ಕಣ್ಣು ಮಿಟುಕಿಸಿ ಹತ್ತಿಕೊಂಡಿತು. ಗಂಗಾಮಣಿ ಕೈಯೊಡ್ಡಿ ನೋಡಿದಳು. ಕಾವೇ ಇಲ್ಲ. ಗೇಣೆತ್ತರಕ್ಕೆ ಇಳಿಸಿ ಕಟ್ಟಿದಳು. ಸಂಜೆಯಾದರೆ ವೋಲ್ಟೇಜ್ ಸಾಲದೆ ಅದು ಬರೀ ಗುಂಯ್‌ಗುಡುತ್ತಿತ್ತು, ಆದರೂ ಹಗಲು ಉರಿದಷ್ಟು ಬೆಳಕಿಗೇ ಸಸಿಗಳ ಬಣ್ಣ ತಿರುಗಿತು. ಹಸಿರಾಗಿ, ಎಲೆ ಅಗಲವಾಗಿ, ಕಾಂಡ ಗಟ್ಟಿಯಾಗತೊಡಗಿತು. ಅಂತೂ ಸರಿಯಾದದ್ದು ಸಿಕ್ಕಿತೆಂದು ಅವಳು ಹಿಗ್ಗಿಹೋಗಿದ್ದಳು.

ಅದಾದ ಮೇಲೆ ಶುರುವಾಗಿದ್ದು ಈ ಎತ್ತಿ ಕಟ್ಟುವ ಆಟ. ಅವಳು ಇಳಿಸುವುದು, ಕೊಟ್ಟಿಗೆಗೋ ಹೊಳೆಗೋ ಹೋಗಿ ಬರುವುದರೊಳಗೆ ಅದು ಮೇಲೇರಿರುವುದು. ಬೀಗ ಹಾಕೋಣವೆಂದರೆ ಸ್ಟೋರಿನ ಕೀಲಿ ಅತ್ತೆಯ ಸೊಂಟದಲ್ಲಿ. ಅದನ್ನು ಕೇಳಿದರೆ ಯಜಮಾನಿಕೆ ಕೇಳಿದ ಹಾಗಾಗುತ್ತದೆ.

“ಇಷ್ಟ್ ಕಷ್ಟ ಯಾಕೆ? ಹೊಸಕೋಟೆಗೆ ತಗೊಂಡೋಗಿ ನಿಮ್ಮಣ್ಣನ ಅಂಗಳದಲ್ಲಿ ಇಡು. ಅಲ್ಲಿ ಬಿಸಿಲಾದ್ರೂ ಐತೆ,” ಎಂದ ಶಾಂತಮಲ್ಲಪ್ಪ, ಊಟ ಮಾಡುತ್ತಾ.

ಗಂಗಾಮಣಿ ಉರಿದುಬಿದ್ದಳು. ಸಸಿ ಕೊಲ್ಲುವುದು ತಾವೇ, ಮೇಲೆ ಆ ಅತ್ತಿಗೆಯ ಕಾಲು ಹಿಡಿ ಎನ್ನುವುದು ಬೇರೆ. ಅಂದಿನಿಂದ ಗಂಡನೊಂದಿಗೆ ಮಾತು ಬಿಟ್ಟಳು. ಏನು ಹೇಳುವುದಿದ್ದರೂ ಅತ್ತೆಯ ಮೂಲಕ.

“ಅತ್ತೆ, ಆ ಲೈಟ್ ಮುಟ್ಬಾರ್ದು ಅಂತ ನಿಮ್ ಮಗಂಗೆ ಹೇಳಿ.”

“ಹೇಳ್ತೀನಿ ಬುಡವ್ವ,” ಎನ್ನುತ್ತಿದ್ದಳು ಅತ್ತೆ ದೇವೀರಮ್ಮ. ಪ್ರಾಯದಲ್ಲಿ ಸುತ್ತಲಿನ ತೋಟಗಳ ಕಾಫಿ ನರ್ಸರಿಗೆಲ್ಲ ಅವಳೇ ಬೇಕು ಎಂದು ಕರೆಕಳುಹಿಸುತ್ತಿದ್ದರಂತೆ. ಈಗ ಬೆನ್ನು ಬಾಗಿತ್ತು. ಒಲೆಯ ಮುಂದೆ ಕೂತು, ಸೊಸೆ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದಳು.

ಟ್ಯೂಬು ಮತ್ತೆ ಸರಿಯಾಗಿ ಹತ್ತದಂತಾದಾಗ ಗಂಗಾಮಣಿ ಇನ್ನೊಂದು ಸ್ಟಾರ್ಟರ್ ತರಲು ಸಕಲೇಶಪುರಕ್ಕೆ ಹೊರಟಳು. ಬಸ್ಸು ಎರಡು ತಿರುವು ದಾಟಿ ನಿಂತಿತು. ಮುಂದೆ ದೊಡ್ಡ ಮರವೊಂದು ರಸ್ತೆಗಡ್ಡ ಬಿದ್ದಿತ್ತು. ಕರೆಂಟಿನ ತಂತಿ ಅದರ ಕೊಂಬೆಗೆ ಸಿಕ್ಕಿ ಜಗ್ಗುತ್ತಿತ್ತು. ಗೊಣಗುತ್ತಾ ಮಳೆಯಲ್ಲಿ ನೆನೆದುಕೊಂಡೇ ನಡೆದು ವಾಪಸ್ಸು ಬಂದಳು.

ಸ್ಟೋರಿನ ಬಾಗಿಲು ತೆರೆದಿತ್ತು. ಒಳಗೆ ದೇವೀರಮ್ಮ, ಮಗುಚಿದ ಭತ್ತದ ಕೊಳಗದ ಮೇಲೆ ಹತ್ತಿ ನಿಂತು, ಬಾಗಿದ ಬೆನ್ನನ್ನು ಕಷ್ಟಪಟ್ಟು ನೆಟ್ಟಗೆ ಮಾಡಿ ಹಗ್ಗ ಎಳೆಯುತ್ತಿದ್ದಳು. ಕಂಕುಳಲ್ಲಿ ಒಂದು ಕಟ್ಟು ಜರಿಸೊಪ್ಪು. ನೆರಳಿಗೆಂದು ಕಾಫಿ ಪಾತಿಯ ಚಪ್ಪರಕ್ಕೆ ಹೊದಿಸುವಂಥದ್ದು.

ಗಂಗಾಮಣಿ ಓಡಿಹೋಗಿ ಕೊಳಗ ಹಿಡಿದುಕೊಂಡಳು. ಮುದುಕಿ ಬಿದ್ದರೆ ಸೊಂಟ ಉಳಿಯುವುದಿಲ್ಲ.

“ಅತ್ತೆ, ಇಳೀರಿ ಮೊದ್ಲು.”

“ತಡಿಯವ್ವ, ಗಂಟು ಹಾಕ್ಬುಟ್ಟು ಇಳೀತೀನಿ.”

“ದಿನಾ ಎತ್ತಿ ಕಟ್ತಿದ್ದಿದ್ದು ನೀವಾ?”

“ಇನ್ಯಾರು ಕಟ್ಟಾರು? ನಿನ್ ಗಂಡುಂಗೆ ಸಸಿ ಮ್ಯಾಲೆ ಗ್ಯಾನ ಎಲ್ಲೈತೆ? ಎಳೇ ಸಸಿ ನೆತ್ತಿ ಮ್ಯಾಲೆ ದೀಪ ತಂದಿಕ್ಕಿದ್ರೆ ಬದುಕ್ತವಾ? ಮೊದ್ಲು ಸುಟ್ಟೋಗಿದ್ವಲ್ಲ, ಕಾಣ್ಲಿಲ್ವಾ ನಿಂಗೆ?”

“ಅದು ಬಲ್ಬು ಅತ್ತೆ. ಇದಕ್ಕೆ ಕಾವಿಲ್ಲ. ಬೇಕಾದ್ರೆ ಮುಟ್ಟಿ ನೋಡಿ.”

“ಕರೆಂಟು ಮುಟ್ಟು ಅಂತೀಯಲ್ಲ.” ದೇವೀರಮ್ಮ ಸೊಸೆಯ ಹೆಗಲು ಹಿಡಿದು ಮೆಲ್ಲಗೆ ಇಳಿದಳು. “ಕೇಳಿಲ್ಲಿ. ಸಸಿಗೆ ಮೊದ್ಲು ನೆರಳು, ಆಮೇಲೆ ಬಿಸ್ಲು. ಒಂದೇ ಸಲಕ್ಕೆ ಬುಟ್ರೆ ಬಾಡೋಯ್ತವೆ. ಈ ಕೈನಾಗೆ ಎಷ್ಟು ಸಾವ್ರ ಗಿಡ ಎಬ್ಬಿಸಿವ್ನಿ ನಾನು. ನಿಮ್ಮವ್ವನ ಬೀಜ ಅಂತ ನೀನು ಉಣ್ಣೋದೂ ಬುಟ್ಟು ಒದ್ದಾಡ್ತಿದ್ದೆ. ನೀನಿಲ್ದಾಗ ನಾನಾದ್ರೂ ನೋಡ್ಕಳಾನ ಅಂತ.”

ಗಂಗಾಮಣಿಗೆ ತಲೆ ಚಿಟ್ಟು ಹಿಡಿಯಿತು. ಇಷ್ಟು ದಿನದ ಸಿಟ್ಟೆಲ್ಲ ಉಕ್ಕಿ ಬಂದಿತ್ತು. ಅದನ್ನು ಯಾರ ಮೇಲೆ ಹಾಕುವುದು? ಸಸಿ ಉಳಿಯಲಿ ಎಂದು ಜೀವ ಪಣಕ್ಕಿಟ್ಟು ಕೊಳಗ ಹತ್ತಿದವಳ ಮೇಲೆಯೇ? ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಬಾಯಿತುಂಬ ಬೈದು ಹಗುರಾಗಬಹುದಿತ್ತು. ಆ ಸುಖವೂ ಅವಳಿಗಿಲ್ಲದೆ ಹೋಯಿತು. ಮೂಲೆಯಲ್ಲಿ ಕೂತು, ಮಲಗಿದ ಸಸಿಗಳನ್ನು ಒಂದೊಂದಾಗಿ ಕಿತ್ತು ತೆಗೆಯುತ್ತಾ ಅತ್ತಳು. ನೆಟ್ಟಗೆ ಉಳಿದದ್ದು ಒಂದು ಕೈಯ ಬೆರಳುಗಳಷ್ಟೂ ಇರಲಿಲ್ಲ.

ಅವಳು ಎದ್ದು ಸ್ವಿಚ್ ಹಾಕಿದಳು. ಟ್ಯೂಬು ಮಿಟುಕಿಸಲೂ ಇಲ್ಲ. ದಾರಿಯಲ್ಲಿ ಕಂಡ ಆ ತಂತಿ ನೆನಪಾಯಿತು.

“ಈಗ ಸಸಿ ತಂಪಾಗವೆ ನೋಡು,” ಎಂದಳು ದೇವೀರಮ್ಮ, ಸಮಾಧಾನ ಮಾಡುವ ದನಿಯಲ್ಲಿ.

ಸಂಜೆ ಶಾಂತಮಲ್ಲಪ್ಪ ಸುದ್ದಿ ತಂದ. ಲೈನ್‌ಮನ್ ಈ ವಾರ ಕರೆಂಟಿನ ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದನಂತೆ. ಗಂಗಾಮಣಿ ಅವನ ಮುಖ ನೋಡದೆಯೇ, “ಲೈಟ್ ಎತ್ತಿದ್ದು ನೀವಲ್ಲ. ಗೊತ್ತಾಯ್ತು,” ಎಂದಳು. ಅವನು ಆಗಲೇ ಹೇಳಿದ್ದೆನಲ್ಲ ಎನ್ನಲಿಲ್ಲ. ಅಂದಿದ್ದರೆ ಜಗಳವಾಡಲು ಅವಳಿಗೊಂದು ಕಾರಣ ಸಿಗುತ್ತಿತ್ತು.

“ನಾಳೆ ಬೆಳಿಗ್ಗೆ ಹೊತ್ಗೆ ಮರ ಕುಯ್ದು ರಸ್ತೆ ಬಿಡ್ತಾರಂತೆ,” ಎಂದಷ್ಟೇ ಹೇಳಿದ.

ಅವನು ಹೇಳದೆ ಬಿಟ್ಟದ್ದು ಅವಳಿಗೆ ಅರ್ಥವಾಯಿತು. ಸ್ಟಾರ್ಟರ್ ಬೇಡದ, ವೋಲ್ಟೇಜ್ ಕೇಳದ, ಕಾಸೂ ಬೀಳದ ಬೆಳಕು ಒಂದೇ ಕಡೆ ಇತ್ತು. ಯಾವ ಅಂಗಳಕ್ಕೆ ಬಂದು ಕೇಳುವುದಿಲ್ಲ ಎಂದು ನೆಂಟರೆದುರು ಎದೆ ತಟ್ಟಿ ಬಂದಿದ್ದಳೋ ಅಲ್ಲೇ. ಆ ಮಾತು ಆಡಿದ ತನ್ನ ಬಾಯಿಯ ಮೇಲೆಯೇ ಅವಳಿಗೆ ಕೆಟ್ಟ ಕೋಪ ಬಂತು.

ಬೆಳಿಗ್ಗೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಹೊರಡುವ ಮುಂಚೆ ದೇವೀರಮ್ಮ ಅದರ ಮೇಲೆ ಜರಿಸೊಪ್ಪು ಹೊದಿಸಿದ್ದಳು. ಗಂಗಾಮಣಿ ದಾರಿಯಲ್ಲಿ ಕಿತ್ತು ಬಿಸಾಡಿದರಾಯಿತೆಂದು ಸುಮ್ಮನಿದ್ದಳು. ಕಂಡಕ್ಟರ್ ಪೆಟ್ಟಿಗೆಯಲ್ಲೇನು, ಕೋಳಿಯಾ ಎಂದು ಕೇಳಿದ. ಅವಳು ಟಿಕೆಟ್ಟಿನ ಕಾಸು ಚಾಚಿದಳು. ಬಾಳ್ಳುಪೇಟೆ ದಾಟುವಾಗ ಮಳೆ ತೆಳುವಾಯಿತು. ಆಲೂರಿನಲ್ಲಿ ಬಸ್ಸು ಬದಲಿಸಿ ಹೊಸಕೋಟೆಯಲ್ಲಿ ಇಳಿಯುವಾಗ ಮೋಡ ಸರಿದು, ಕಣ್ಣು ಕುಕ್ಕುವ ಬಿಸಿಲು.

ರಾಮಮ್ಮ ಅಂಗಳದಲ್ಲಿ ಪಾತ್ರೆ ಬೆಳಗುತ್ತಿದ್ದಳು. ತಲೆಯೆತ್ತಿ ನಾದಿನಿಯನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು. ದಾರಿಯುದ್ದಕ್ಕೂ ಗಂಗಾಮಣಿ ಹತ್ತಾರು ಮಾತು ಜೋಡಿಸಿಕೊಂಡು ಬಂದಿದ್ದಳು. ಖಾರದ ಪುಡಿಯ ಮಾತೂ ಅದರಲ್ಲಿತ್ತು. ಬಾಯಿಗೆ ಬಂದದ್ದು ಬೇರೆ.

“ಅತ್ತಿಗೆ, ಅಂಗಳದಲ್ಲಿ ಸ್ವಲ್ಪ ಜಾಗ ಬೇಕಿತ್ತು.”

ರಾಮಮ್ಮ ಕೈ ತೊಳೆದು, ಸೀರೆಗೆ ಒರೆಸಿಕೊಂಡು ಬಂದು ಸೊಪ್ಪು ಸರಿಸಿ ನೋಡಿದಳು. ಬಡಕಲು ಸಸಿಯೊಂದನ್ನು ಬೆರಳಿನಿಂದ ಎತ್ತಿ ನಿಲ್ಲಿಸಿದಳು. “ಇಷ್ಟೇನಾ ಉಳಿದಿರೋದು?” ಎಂದಳು. ದನಿಯಲ್ಲಿ ಅಣಕವಿರಲಿಲ್ಲ. “ಅವತ್ತು ಆ ಕಾಯಿ ಪುಡಿ ಮಾಡಿಸ್ಬಾರ್ದಿತ್ತು ಕಣೇ. ಆಮೇಲೆ ಎಷ್ಟು ದಿನ ಆ ಸಾರು ಗಂಟಲಲ್ಲಿ ಇಳೀಲಿಲ್ಲ.” ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು, ಅಂಗಳದ ನಡುವೆ, ಸುಡುವ ಬಿಸಿಲು ನೇರ ಬೀಳುವ ಕಡೆಗೆ ನಡೆದಳು.

“ಅಲ್ಲಿ ಬೇಡ ಅತ್ತಿಗೆ,” ಎಂದಳು ಗಂಗಾಮಣಿ. “ಮೊದ್ಲು ನೆರಳು, ಆಮೇಲೆ ಬಿಸ್ಲು. ಒಂದೇ ಸಲಕ್ಕೆ ಬಿಟ್ರೆ ಬಾಡೋಯ್ತವೆ.”

ಹೇಳಿ ಮುಗಿಸಿದ ಮೇಲೆ ಆ ಮಾತು ಯಾರದೆಂದು ಅವಳಿಗೆ ಹೊಳೆಯಿತು. ಹೊಂಗಡಹಳ್ಳದ ಕತ್ತಲೆಯಲ್ಲಿ ತಪ್ಪಾಗಿದ್ದು ಈ ಬಿಸಿಲಲ್ಲಿ ಸರಿಯಾಗಿಯೇ ಇತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ರಾಮಮ್ಮ ಪೆಟ್ಟಿಗೆಯನ್ನು ಹಲಸಿನ ಮರದ ಬುಡಕ್ಕೆ ತಿರುಗಿಸಿದಳು. “ಇದನ್ನೆಲ್ಲ ನಿಮ್ಮವ್ವ ಹೇಳ್ಕೊಟ್ಟಿದ್ರಾ?”

ಗಂಗಾಮಣಿ ಬಗ್ಗಿ ಜರಿಸೊಪ್ಪನ್ನು ಸಸಿಗಳ ಮೇಲೆ ಮತ್ತೆ ಹೊದಿಸಿದಳು.

“ಇಲ್ಲ,” ಎಂದಳು. “ನಮ್ಮತ್ತೆ.”