ಹನ್ನೆರಡನೇ ನಿಮಿಷದ ಬಿಸಿಲುಕೋಲು

ಇನ್ನೇನಮ್ಮ ನೋಡೋದು, ಮೂರು ಸಲ ಸೋತಿದ್ದಾರೆ, ನಾಳೆ ಗಂಟಲಿಗೆ ತೂತು ಮಾಡಿಬಿಡೋಣ, ಅಂದ ದೊಡ್ಡ ಡಾಕ್ಟರ ಮಾತು ಕಿವಿಯಲ್ಲಿರುವಾಗಲೇ ಕಿರಿಯ ಡಾಕ್ಟರಾದ ಅವಳು ಐಸಿಯು ಮಂಚದಲ್ಲಿದ್ದ ರೋಗಿ ಯಜಮಾನರ ಎದೆಗೆ ಅಲ್ಟ್ರಾಸೌಂಡಿನ ಜೆಲ್ ಹಚ್ಚಿದಳು, ಬಸ್ ನಿಲ್ದಾಣದಲ್ಲಿ ಇಪ್ಪತ್ತು ವರ್ಷ ಮೈಕಿನಲ್ಲಿ ಬಸ್ಸು ಕೂಗಿದವರು ಈಗ ಬಾಯಲ್ಲಿ ಕೊಳವೆ, ಹುಬ್ಬು ಗಂಟಿಕ್ಕಿದರು, ಅದೂ ಒಂದು ಮಾತೇ — ವೆಂಟಿಲೇಟರಿನ ಆಸರೆ ಇಳಿಸಿದರೆ ಅರ್ಧ ಗಂಟೆಯೊಳಗೆ ಏದುಸಿರು, ಯಾಕೆಂದು ಯಾರಿಗೂ ತಿಳಿಯದು, ತೂತಾದ್ರೆ ಮಾತು ಹೋಗುತ್ತಾ ಡಾಕ್ಟ್ರಮ್ಮ, ಹೊರಗೆ ಅವರ ಹೆಂಡತಿ ಕೈಚೀಲ ಅವುಚಿಕೊಂಡು ಕೇಳಿದ್ದರು, ಸ್ವಲ್ಪ ದಿನ ಇರಲ್ಲಮ್ಮ, ಅಯ್ಯೋ, ನನ್ನ ಬೈಯದೆ ಇವರಿಗೆ ಹೊತ್ತೇ ಹೋಗಲ್ಲ — ಇವತ್ತು ಮತ್ತೆ ಆಸರೆ ಇಳಿಸಿದ್ದಾಯಿತು, ಅಲ್ಟ್ರಾಸೌಂಡ್ ಪರದೆಯಲ್ಲಿ ವಪೆ ಗಟ್ಟಿಯಾಗಿ ಏರುತ್ತಿದೆ, ಇಳಿಯುತ್ತಿದೆ, ಉಸಿರೆಳೆಯುವ ಆ ಸ್ನಾಯುವಿನ ತಪ್ಪಲ್ಲ, ತಪ್ಪು ತನ್ನದು, ನಿನ್ನೆ ಆಸರೆ ಇಳಿಸುವ ಮೊದಲೇ ನೋಡಿ ಶ್ವಾಸಕೋಶ ಶುದ್ಧ ಅಂತ ಬರೆದು ಕೈತೊಳೆದುಕೊಂಡಳಲ್ಲ, ನೆಂಟರು ಬರುವಾಗ ಸಾಮಾನೆಲ್ಲ ಮಂಚದಡಿ ತುರುಕಿದ ಮನೆ ನೋಡಿ ಆಹಾ ಅಂದ ಹಾಗೆ, ಇವತ್ತು ಕೈ ತೆಗೆಯುವುದಿಲ್ಲ, ಐದನೇ ನಿಮಿಷ, ಶ್ವಾಸಕೋಶ ಬರೀ ಕಪ್ಪು, ಎಂಟು, ಕಪ್ಪು, ಹನ್ನೆರಡು — ಬಂತು, ಬಿಳಿ ಗೆರೆಯೊಂದು ಬಿಸಿಲುಕೋಲಿನಂತೆ ಮೇಲಿಂದ ಇಳಿಯಿತು, ಇನ್ನೊಂದು, ಮೂರು, ಐದು, ನೆನಪಿನಲ್ಲಿ ಚಿಕ್ಕವಳಾದ ಅವಳು ಕಿಟಕಿ ಸಂದಿಯ ಬಿಸಿಲುಕೋಲು ಹಿಡಿಯಲು ಓಡುತ್ತಾಳೆ, ಅಜ್ಜಿ ನಗುತ್ತಾಳೆ, ಸಿಕ್ತೇನೇ ಕಳ್ಳಿ, ಸಿಕ್ತು ಅಜ್ಜಿ, ಈ ಗೆರೆಗಳೆಂದರೆ ನೀರು, ಯಂತ್ರ ಕೈಬಿಟ್ಟೊಡನೆ ಹೃದಯ ಭಾರ ತಾಳದೆ ಶ್ವಾಸಕೋಶಕ್ಕೆ ನೀರು ಬಿಡುತ್ತಿದೆ, ಅಷ್ಟೇ, ಇದಕ್ಕೆ ಮದ್ದಿದೆ.

ಒಂದೇ ದಿನ ಕೊಡಿ ಸರ್, ನಿಮ್ಮದೊಂದು ಹಟ ಕಣಮ್ಮ, ಹಟವಲ್ಲ ಸರ್, ಗೆರೆ ಎಣಿಸಿದೀನಿ — ನೀರಿಳಿಸುವ ಇಂಜೆಕ್ಷನ್, ಮೂತ್ರದ ಚೀಲ ತುಂಬಿತು, ಖಾಲಿ ಮಾಡಿದರೆ ಮತ್ತೆ ತುಂಬಿತು, ಕೆರೆ ಕೋಡಿ ಬಿತ್ತು ಡಾಕ್ಟ್ರೇ, ನರ್ಸಕ್ಕನ ನಗು, ಈಗ ಮರುದಿನ ಬೆಳಿಗ್ಗೆ, ಅದೇ ಜೆಲ್, ಅದೇ ಗಂಟಿಕ್ಕಿದ ಹುಬ್ಬು, ಬಾಗಿಲಲ್ಲಿ ಅದೇ ಕೈಚೀಲ, ಆಸರೆ ಮತ್ತೆ ಇಳಿಯಿತು, ಹನ್ನೆರಡನೇ ನಿಮಿಷ, ಒಂದೇ ಒಂದು ಬಿಸಿಲುಕೋಲು, ಒಂದಿದ್ದರೆ ಇರಲಿ, ಇಪ್ಪತ್ತು, ಒಂದೇ, ಮೂವತ್ತು, ಅದೇ ಒಂದು, ದೊಡ್ಡ ಡಾಕ್ಟರು ಪರದೆಯನ್ನೂ ಅವಳನ್ನೂ ನೋಡಿ, ಹ್ಞೂ, ತೆಗೀರಿ — ಕೊಳವೆ ಹೊರಬಂತು, ಕೆಮ್ಮು ಬಂತು, ಉಸಿರು ನಿಂತಿತು ಅನ್ನುವಷ್ಟರಲ್ಲಿ ಎಳೆದುಕೊಂಡರು, ಮತ್ತೊಂದು, ಮಗದೊಂದು, ಅವಳ ಕೈ ಇನ್ನೂ ಅವರ ಎದೆಯ ಮೇಲೇ ಇದೆ, ಒಡೆದ ಸ್ಪೀಕರಿನಂಥ ದನಿ ಹೊರಟಿತು, ಆ ಜೆಲ್ಲು... ಬೆಚ್ಚಗೆ ಮಾಡಕ್ಕೇನು ದಾಡಿ ನಿಮಗೆ, ಬಾಗಿಲಿಂದ ಹೆಂಡತಿ, ಬೈದ್ರು, ಕೇಳಿದ್ರಾ, ಬೈದ್ರು, ಯಜಮಾನರು ನಗಲು ಹೋದರು, ಪರದೆಯ ಕಪ್ಪಿನಲ್ಲಿ ಆ ಒಂಟಿ ಬಿಸಿಲುಕೋಲು ಗಡಗಡ ಅಲುಗಿತು.