ಎರಡನೇ ಟ್ರಾನ್ಸಿಸ್ಟರ್

ಹಳಿಯಾಳದ ದ್ರಾಕ್ಷಾಯಣಿಗೆ ಚಿಕ್ಕಂದಿನಿಂದಲೂ ಕಾಲಲ್ಲಿ ಬಲವಿರಲಿಲ್ಲ. ಕೈಗೂ ಬಾಯಿಗೂ ಮಾತ್ರ ಬಲ ಬೇಕಾದಷ್ಟಿತ್ತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಪೇಟೆಯ ನಾಗಲಿಂಗಪ್ಪನವರ ಟಿವಿ ರಿಪೇರಿ ಅಂಗಡಿಗೆ ಬ್ಯಾಟರಿ ಗಾಲಿಕುರ್ಚಿಯಲ್ಲಿ ಒಬ್ಬಳೇ ಹೋಗಿ ಬರುತ್ತಿದ್ದಳು.

ಆ ಮಳೆಗಾಲ ಕುರ್ಚಿಯನ್ನು ನಡೆಸುವ ಹಿಡಿಕೆಗೆ ನೀರು ಹೊಕ್ಕು ಒಳಗಿನ ಚಿಪ್ ಸುಟ್ಟುಹೋಯಿತು. "ಆ ಮಾಡೆಲ್ ಈಗ ಬರೂದಿಲ್ರಿ, ಹೊಸಾದು ತಗೋರಿ" ಎಂದು ಕಂಪನಿಯವರು ಫೋನಿಟ್ಟರು. ಅಂದಿನಿಂದ ಅಣ್ಣ ಲೋಕೇಶ ಅವಳನ್ನು ಎತ್ತಿ ತನ್ನ ಆಟೊದಲ್ಲಿ ಕೂರಿಸಿ ಅಂಗಡಿಗೆ ಬಿಡತೊಡಗಿದ.

ಒಂದು ಸಂಜೆ ಅವನೇ ಮಾತು ತೆಗೆದ. "ಅಂಗಡಿ ಬಿಡು ತಂಗಿ. ನಿನ್ನ ಬಿಟ್ಟು ಬರೂದರಾಗ ನನ್ನ ಬಾಡಗಿ ತಪ್ಪತಾವು. ಮನ್ಯಾಗ ಕುಂತು ಏನರ ಮಾಡು."

ತಾಯಿ ಈರಕ್ಕ ರೊಟ್ಟಿ ಬಡಿಯುತ್ತ ಹೂಂಗುಟ್ಟಿದಳು.

"ನಾನು ಎಲ್ಲಿ ಕೂಡಬೇಕು ಅನ್ನೂದು ನೀವಿಬ್ರೂ ಮಾತಾಡಿ ಮುಗಿಸೀರಿ. ನನ್ನ ಕೇಳಿದವ್ರು ಯಾರು?"

ಭಾನುವಾರ ಅವಳು ಅಂಗಳದಲ್ಲಿ ಕುಳಿತು ಕುರ್ಚಿಯನ್ನು ಬಿಚ್ಚಿದಳು. ಹಿಡಿಕೆಗೆ ಹೊಸದೊಂದು ಚಿಪ್ ಕೂರಿಸಿದಳು. ಅದು ಕಳಿಸುವ ಸಂಕೇತ ಮೂರು ವೋಲ್ಟಿನ ಆಸುಪಾಸು. ಸೀಟಿನಡಿಯ ಹಳೆಯ ಮೋಟರ್ ಚಿಪ್‌ಗೋ ಐದು ವೋಲ್ಟ್ ಬೇಕು. ನೇರವಾಗಿ ಜೋಡಿಸಿದರೆ ಅದು ಒಮ್ಮೆ ಕೇಳಿಸಿಕೊಂಡಿತು, ಇನ್ನೊಮ್ಮೆ ಸುಮ್ಮನಿತ್ತು. ಎರಡರ ನಡುವೆ ಮೂರು ಕಾಲಿನ ಪುಟ್ಟ ಟ್ರಾನ್ಸಿಸ್ಟರ್ ಒಂದನ್ನು ಬೆಸೆದಳು. ಚಿಕ್ಕ ಸಂಕೇತ ಬಂದರೂ ಸಾಕು, ಅತ್ತಲಿನ ಐದು ವೋಲ್ಟನ್ನು ಅದು ಆಡಿಸಬಲ್ಲದು.

ಹತ್ತಿ ಕುಳಿತು ಸ್ವಿಚ್ ಹಾಕಿದ್ದೇ ತಡ, ಹಿಡಿಕೆ ಮುಟ್ಟುವ ಮೊದಲೇ ಕುರ್ಚಿ ನುಗ್ಗಿ ನೀರಿನ ಡ್ರಮ್ಮಿಗೆ ಗುದ್ದಿ ಮಗುಚಿತು. ಲೋಕೇಶ ಓಡಿ ಬಂದ. ಈರಕ್ಕ ಬಾಯಿ ಬಡಿದುಕೊಂಡಳು. "ಇದು ನಿನ್ನ ಕೊಲ್ಲತೈತಿ, ಸುಡು ಇದನ್ನ!"

ಮೊಣಕೈಯಲ್ಲಿ ರಕ್ತ. ಮೇಲಾದ ಗಾಲಿಗಳು ಇನ್ನೂ ತಿರುಗುತ್ತಿದ್ದವು.

"ನನ್ನ ಆಮ್ಯಾಲ ಎತ್ತು. ಮೊದಲ ಹಿಡಿಕಿ ನೂಕು!"

ಅಣ್ಣ ನೂಕಿದ. ಗಾಲಿಗಳು ನಿಂತವು. ಕೈಬಿಟ್ಟ, ಮತ್ತೆ ತಿರುಗಿದವು.

"ಈಗ ಕೇಳಾಕತ್ತೈತಿ! ಉಲ್ಟಾ ಕೇಳಾಕತ್ತೈತಿ, ಅಷ್ಟ!" ಬಿದ್ದಲ್ಲಿಂದಲೇ ಅವಳು ನಕ್ಕಳು. ಒಂಟಿ ಟ್ರಾನ್ಸಿಸ್ಟರ್ ಹೌದನ್ನು ಅಲ್ಲ ಮಾಡುತ್ತದೆ, ಅಲ್ಲವನ್ನು ಹೌದು. ಕಾಲೇಜಿನಲ್ಲಿ ಕಲಿತದ್ದನ್ನೇ ಸಿಟ್ಟಿನ ಭರದಲ್ಲಿ ಮರೆತಿದ್ದಳು. ಅದರ ಬೆನ್ನಿಗೆ ಇನ್ನೊಂದನ್ನು ಬೆಸೆದರೆ ಉಲ್ಟಾ ಆದದ್ದು ಮತ್ತೆ ಸೀದಾ. ಅದನ್ನೂ ಬೆಸೆದು, ಈ ಸಲ ಕುರ್ಚಿಯನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿ, ಗಾಲಿ ಎತ್ತರದಲ್ಲಿದ್ದಾಗಲೇ ಪರೀಕ್ಷಿಸಿದಳು. ನೂಕಿದರೆ ನಡೆಯಿತು, ಬಿಟ್ಟರೆ ನಿಂತಿತು.

ಮರುದಿನ ಬೆಳಿಗ್ಗೆ ಲೋಕೇಶ ಗೇಟಿಗೆ ಅಡ್ಡವಾಗಿ ಆಟೊ ನಿಲ್ಲಿಸಿದ್ದ.

"ಆಟೊ ಹತ್ತು."

"ದಾರಿ ಬಿಡು."

"ಮತ್ತ ಬಿದ್ದರ?"

"ಬಿದ್ದರ ಬೀಳ್ತೇನಿ. ನೀ ಆಟೊ ಕಲಿಯೂವಾಗ ಗಟಾರಕ್ಕ ಹಾಕಿದ್ದಿ. ಯಾರರ ನಿನಗ ಮನ್ಯಾಗ ಕೂಡು ಅಂದ್ರೇನು?"

ಲೋಕೇಶ ಆಟೊ ಹಿಂದೆ ಸರಿಸಿದ.

ಅಂಗಡಿ ತಲುಪಿದಾಗ ನಾಗಲಿಂಗಪ್ಪ ರೂಢಿಯಂತೆ ಮೆಟ್ಟಿಲಿಳಿದು, ಅವಳನ್ನು ಎತ್ತಲು ಕೈ ಚಾಚಿದರು.

"ಬ್ಯಾಡ್ರಿ. ಮೆಟ್ಟಲಕ್ಕ ಇಳಿಜಾರು ಕಟ್ಟಸ್ರಿ. ಅಲ್ಲೀತನಕ ನನ್ನ ಮೇಜು ಹೊರಗ ಹಾಕ್ರಿ."

"ರಸ್ತಾದ ಮ್ಯಾಲಾ? ಮಂದಿ ನೋಡ್ತಾರವಾ."

"ನೋಡ್ಲಿ ಬಿಡ್ರಿ."

ಅವರು ಗೊಣಗುತ್ತಲೇ ಮೇಜು ತಂದಿಟ್ಟರು. ದ್ರಾಕ್ಷಾಯಣಿ ಸಂತೆಗೆ ಹೊರಟ ಮಂದಿಯ ಎದುರೇ ಬೆಸುಗೆ ಕಡ್ಡಿ ಕಾಯಲಿಟ್ಟು, ಕೆಟ್ಟ ಟಿವಿಯೊಂದನ್ನು ಹತ್ತಿರಕ್ಕೆಳೆದುಕೊಂಡಳು.